ಕಿವಿಯಕ್ಕ ಕೇಳಿದ ಸದ್ದು

ಪೇಟೆಯ ಕಂಪ್ಯೂಟರ್ ಅಂಗಡಿಯವರೆಲ್ಲ ಆಕೆಯನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೈಲು ಉಳಿಸಿಕೊಡುವುದು ಆಕೆಯ ಕೆಲಸ. ಡಿಸ್ಕ್ ಕೈಗೆ ಬಂದರೆ ಮೊದಲು ವೈರು ಸಿಕ್ಕಿಸಿ ಕಿವಿಗೆ ಹಿಡಿಯುವುದು ಆಕೆಯ ರೂಢಿ. ಟಕ್, ಟಕ್ ಎಂದರೆ ತಕ್ಷಣ ವೈರು ಕೀಳುತ್ತಿದ್ದಳು. ಒಳಗಿನ ಓದುವ ಮುಳ್ಳು ತಿರುಗುವ ತಟ್ಟೆಯನ್ನು ಗೀರುತ್ತಿರುತ್ತದೆ, ಓಡಿಸಿದಷ್ಟೂ ಉಳಿದದ್ದೂ ಹೋಗುತ್ತದೆ. ಗಿರಾಕಿಗಳೋ, ಆ ಸದ್ದು ಕೇಳಿಕೊಂಡೇ ವಾರಗಟ್ಟಲೆ ಓಡಿಸಿ ಆಮೇಲೆ ತರುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಸದ್ದು ಕೇಳಿಸ್ಲಿಲ್ವಾ ನಿಮಗೆ?" ಎಂದು ರೇಗಿದರೆ, "ಕೇಳಿಸ್ತು, ಫ್ಯಾನಿರ್ಬೇಕು ಅಂದ್ಕೊಂಡೆ" ಎನ್ನುವವರೇ ಹೆಚ್ಚು. ಇಂಥವರಿಗೆ ಕಿವಿ ಇದ್ದೇನು ಬಂತು ಎಂದು ಮನೆಯಲ್ಲಿ ಅತ್ತೆಯ ಮುಂದೆ ಗೊಣಗುತ್ತಿದ್ದಳು.

ಕೆಲಸವೆಲ್ಲ ಮನೆಯಲ್ಲೇ, ಮೊದಲ ಮಹಡಿಯ ಹಿಂದಿನ ಕೋಣೆಯಲ್ಲಿ. ಕೆಳಗೆ ಪಾರ್ಕಿಂಗ್. ಅಲ್ಲಿನ ಒಂದು ಕಂಬ ಈ ಕೋಣೆಯ ಮೂಲೆಯಲ್ಲೇ ಮೇಲಕ್ಕೆ ಹೋಗಿತ್ತು. ಹಗಲೆಲ್ಲ ಟಕ್ ಟಕ್. "ಹಲ್ಲಿ ಸಾಕಿದ್ದೀಯೇನೇ ಒಳಗೆ?" ಎಂದು ಅತ್ತೆ ಛೇಡಿಸುತ್ತಿದ್ದರು.

ಒಂದು ಬೆಳಿಗ್ಗೆ ಪೇಟೆಯ ಅಂಗಡಿಯಲ್ಲಿ ಕಟ್ಟಡ ಪರೀಕ್ಷೆ ಮಾಡುವ ಇಂಜಿನಿಯರ್ ಒಬ್ಬರು ಆಕೆಗೆ ಅಂಗೈಯಗಲದ ಡಿಸ್ಕ್ ಕೊಟ್ಟರು. 

"ಮೇಜಿನಿಂದ ಬಿತ್ತು. ಕಂಬಗಳ ಬಿರುಕಿನ ಫೋಟೋ ಇದೊಂದರಲ್ಲೇ ಇರೋದು. ಮಾಲೀಕ ಬಿರುಕಿನ ಮೇಲೆ ಗಾರೆ ಮೆತ್ತಿ, ಏನೂ ಇರ್ಲೇ ಇಲ್ಲ ಅಂತಿದ್ದಾನೆ. ಫೋಟೋ ಸಿಕ್ಕಿದ್ರೆ ಜನಾನ ಅಲ್ಲಿಂದ ಎಬ್ಬಿಸ್ಬಹುದು. ಇಲ್ದಿದ್ರೆ ನನ್ನ ಮಾತು ಯಾರೂ ನಂಬಲ್ಲ."

ಯಾವ ಕಟ್ಟಡ ಎಂದು ಆಕೆ ಕೇಳಲಿಲ್ಲ. ಗಿರಾಕಿಯ ಗುಟ್ಟು ಕೇಳಬಾರದು, ಫೈಲು ತೆರೆದು ನೋಡಬಾರದು, ಅದು ಆಕೆಯ ನೇಮ. ಉಳಿಸಿದ್ದು ಸರಿಯಾಗಿದೆಯೇ ಎಂದು ಕೊನೆಗೆ ಒಂದೇ ಒಂದನ್ನು ತೆರೆಯುವುದುಂಟು.

ಮಧ್ಯಾಹ್ನ ಮನೆಯಲ್ಲಿ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಕೆಟ್ಟ ಜಾಗ ಬಿಟ್ಟು ಗಟ್ಟಿಯಿದ್ದಲ್ಲಿಂದ ಮೊದಲು ಎತ್ತಿಕೊಳ್ಳುವುದು, ಬಿಸಿಯಾದರೆ ನಿಲ್ಲಿಸಿ ತಣಿಸುವುದು, ಮತ್ತೆ ಓಡಿಸುವುದು. ಹೊತ್ತು ಇಳಿಯುವಾಗ ಕೆಲವು ಫೋಟೋ ಲ್ಯಾಪ್‌ಟಾಪಿಗೆ ಬಂದವು. ಒಂದನ್ನು ತೆರೆದಳು.

ಕಂಬದಲ್ಲಿ ಬೆರಳು ಹೋಗುವಷ್ಟು ಬಿರುಕು. ಅದು ಹಿಗ್ಗಿದರೆ ಗೊತ್ತಾಗಲೆಂದು ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದರು. ಗಾಜು ಒಡೆದಿತ್ತು. ಫೋಟೋದ ಅಂಚಿನಲ್ಲಿ ಒಂದು ಸೈಕಲ್, ಅದರ ಸೀಟಿಗೆ ಹಳೇ ಪರದೆಯ ಹೂವಿನ ಬಟ್ಟೆಯ ಕವರು. ಆ ಕವರು ಹೊಲಿದವರು ಅತ್ತೆ.

ಅದು ಆಕೆಯದೇ ಸೈಕಲ್, ಕೆಳಗಿನ ಪಾರ್ಕಿಂಗಿನಲ್ಲಿ ನಿಲ್ಲುವುದು. ಡಿಸ್ಕಿನ ವೈರು ಕಿತ್ತಳು. ತಟ್ಟೆ ನಿಂತಿತು.

ಟಕ್.

ಕೈಯಲ್ಲಿದ್ದ ಡಿಸ್ಕನ್ನು ಕಿವಿಗೆ ಹಿಡಿದಳು. ಅದು ಸದ್ದಿಲ್ಲದೆ ನಿಂತಿತ್ತು. ಮೂಲೆಯ ಕಂಬಕ್ಕೆ ಕಿವಿಯಿಟ್ಟಳು. ಟಕ್.

"ಅತ್ತೇ, ಈ ಸದ್ದು ಯಾವಾಗಿಂದ?"

"ಮಳೆ ಶುರುವಾದಾಗಿಂದ ಇದೆಯಲ್ಲಮ್ಮ" ಎಂದರು ಅತ್ತೆ, ಬಾಗಿಲಲ್ಲಿ ಬೀನ್ಸ್ ಮುರಿಯುತ್ತಾ. "ನೀನು ಪೇಟೆಗೆ ಹೋದಾಗ್ಲೂ ಬರುತ್ತೆ. ಆರಿಸೋದು ಮರೆತು ಹೋಗಿದ್ದೀಯ ಅಂದ್ಕೊಂಡೆ."

ಆಕೆಗೂ ಕೇಳಿಸಿತ್ತು. ದಿನಾ ಕೇಳಿಸಿತ್ತು. ಈಗ ತನ್ನ ಮೇಲೆಯೇ ಹೇಸಿಗೆಯಾಯಿತು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದು ಹೊರಗೆ ಎಳೆದಳು.

"ಚಪ್ಪಲಿ ಹಾಕ್ಕೋತೀನಿ, ಇರೇ!"

"ಬೇಡ. ನೀವು ಬೀದಿಗೆ ಇಳೀರಿ, ಎಲ್ಲೂ ನಿಲ್ಬೇಡಿ."

ಅತ್ತೆ ಮೆಟ್ಟಿಲಿಳಿದರು. ಆಕೆ ಎದುರುಮನೆಯ ಬಾಗಿಲು ಬಡಿದಳು. ಮನೆಯವನು ಅರ್ಧ ನಿದ್ದೆಯಲ್ಲಿ ಬಂದು, ಮಾತು ಮುಗಿಯುವ ಮೊದಲೇ ನಕ್ಕ. "ಆ ಟಕ್ ಟಕ್ಕಾ? ಅದು ನಿಮ್ಮ ಮಷೀನಿಂದು ಅಂತ ಇಡೀ ಬಿಲ್ಡಿಂಗಿಗೇ ಗೊತ್ತಲ್ಲ, ಅಕ್ಕ!"

ಆಕೆ ಲ್ಯಾಪ್‌ಟಾಪನ್ನು ಅವನ ಮುಖಕ್ಕೆ ಹಿಡಿದಳು. ಫೋಟೋದಲ್ಲಿ ಸೈಕಲ್ಲಿನ ಪಕ್ಕ ನಿಂತಿದ್ದದ್ದು ಅವನದೇ ಕಾರು.

ಅವನು ಒಳಗೆ ತಿರುಗಿ ಮಕ್ಕಳನ್ನು ಕೂಗಿದ. ಆಕೆ ಮೇಲಿನ ಮಹಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಮತ್ತೆ ಟಕ್ ಎಂದಿತು. ಈ ಸಲ ಸದ್ದಿನ ಹಿಂದೆಯೇ ಗಾರೆ ಉದುರಿತು.