ಹಿಂದಕ್ಕೆ ಬಂದ ದಂಟು

ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆ ಮಧ್ಯಾಹ್ನ ಮತ್ತೆ ಮತ್ತೆ ಕಣ್ಣ ಮುಂದೆ ಬಂದಾಗ ನನ್ನನ್ನು ಹೆಚ್ಚು ಹೆದರಿಸುವುದು ಆ ಬಿಸಿಲೇ.

ಯಡೂರಿನಿಂದ ಸ್ವಲ್ಪ ದೂರ, ಕೃಷ್ಣೆಯ ದಂಡೆಯ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ, ವಿಜ್ಞಾನ ಕಲಿಸುತ್ತೇನೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ನಿಪ್ಪಾಣಿಯಿಂದ ಬಂದವಳು. ನನಗೆ ಹೊಳೆಯೆಂದರೆ ನಕ್ಷೆಯ ಮೇಲಿನ ನೀಲಿ ಗೆರೆ. ಊರವರಿಗೆ ಮಾತ್ರ ಅದನ್ನು ಅಳೆಯಲು ಒಂದು ಗುರುತಿತ್ತು, ಘಾಟಿನ ಮೆಟ್ಟಿಲ ಮೇಲಿನ ಕಲ್ಲಿನ ನಂದಿ. ಮಳೆಗಾಲದಲ್ಲಿ ಬೆಳಗಾಗುತ್ತಲೇ ಯಾರಾದರೂ ಹೋಗಿ ನೋಡಿ ಬರುತ್ತಾರೆ. ನಂದಿಯ ಕಿವಿ ಕಾಣುತ್ತಿದ್ದರೆ ದನ ಬಿಡುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಕಿವಿ ಮುಳುಗಿತೆಂದರೆ ಹಳ್ಳದಾಚೆಯ ತೋಟದ ಮನೆಯವರು ಗಂಟುಮೂಟೆ ಕಟ್ಟುತ್ತಾರೆ.

ಏಳನೇ ತರಗತಿಗೆ ಆಗ ವಿಜ್ಞಾನದಲ್ಲಿ ವೇಗದ ಪಾಠ ನಡೆದಿತ್ತು. ಶಾಲೆಯ ಹಿಂದೆಯೇ ಹಳ್ಳ; ಕೂಗಳತೆಯಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಜೋಳದ ದಂಟನ್ನು ತೇಲಿಬಿಟ್ಟು ಹಳ್ಳದ ವೇಗ ಅಳೆಯೋಣ ಎಂದು ಮಕ್ಕಳನ್ನು ಹೊರಡಿಸಿದೆ. ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದ ಅಡುಗೆಯವಳನ್ನು ಹೊಳೆಯ ಸುದ್ದಿ ಕೇಳಿದೆ.

“ಈಗ ನೋಡಿ ಬಂದೀನ್ರಿ ಅಕ್ಕೋರ. ನಂದಿ ಕಿವಿ ಚಂದಗೆ ಕಾಣಾಕತ್ತಾವ. ಆರಾಮ ಹೋಗ್ರಿ.”

ಹಳ್ಳದಲ್ಲಿ ಮೊಣಕಾಲುದ್ದ ನೀರು. ದಂಟು ಗುರುತು ದಾಟಿದಾಗ ಕೈ ಎತ್ತಲು ಆಚೆ ದಡಕ್ಕೆ ಒಬ್ಬರು ಬೇಕಿತ್ತು. ತರಗತಿಯಲ್ಲೇ ಎತ್ತರದ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ಅವಳ ಮನೆ ಅದೇ ದಡದ ಕಬ್ಬಿನ ನಡುವೆ. ಮನೆಯವರು ಅಂದು ಚಿಕ್ಕೋಡಿಗೆ ಹೋಗಿದ್ದರು.

“ಏ ಜಿರಾಫೆ, ಹಂಗ ಮನಿಗೆ ಓಡಿಗೀಡಿ ಮತ್ತ” ಎಂದ ಒಬ್ಬ ಹುಡುಗ.

“ಓಡಿದ್ರ ನಿನ್ನ ಲೆಕ್ಕ ಯಾರ ಮಾಡ್ತಾರಲೇ?”

ಮೊದಲ ದಂಟು ನೆಟ್ಟಗೆ ಹೋಯಿತು. ಎರಡನೆಯದು ನಿಧಾನವಾಯಿತು. ಮೂರನೆಯದು ನಡುವೆ ನಿಂತುಬಿಟ್ಟಿತು.

“ದಂಟಿಗೆ ನಿದ್ದಿ ಬಂತ್ರಿ ಅಕ್ಕೋರ” ಎಂದ ಅದೇ ಹುಡುಗ. ಎಲ್ಲರೂ ನಕ್ಕೆವು.

ಆಮೇಲೆ ಅದು ಮೆಲ್ಲಗೆ ತಿರುಗಿ ನಮ್ಮ ಕಡೆ ಬರತೊಡಗಿತು. ನಗು ನಿಂತಾಗ ಗಮನಕ್ಕೆ ಬಂತು, ಹಳ್ಳದ ಸದ್ದೂ ನಿಂತಿತ್ತು. ಕಲ್ಲುಗಳ ಮೇಲೆ ಜುಳುಜುಳು ಅನ್ನುತ್ತಿದ್ದ ನೀರು ಆ ಕಲ್ಲುಗಳನ್ನೇ ಮುಚ್ಚಿತ್ತು. ಪಕ್ಕದ ಕೋಣೆಯ ಸಮಾಜ ವಿಜ್ಞಾನದ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು: ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದ ಘಟ್ಟದಲ್ಲಿ. ಮಳೆ ಅಲ್ಲಿ ಬಿದ್ದಿತ್ತು. ತುಂಬಿದ ಹೊಳೆ ನಮ್ಮ ಹಳ್ಳವನ್ನು ಹಿಂದಕ್ಕೆ ನೂಕುತ್ತಿತ್ತು.

“ಅಕ್ಕೋರ, ಕಬ್ಬಿನ್ಯಾಗ ನೀರ ಬಂದಾವ್ರಿ” ಎಂದಳು ಆಚೆಯ ಹುಡುಗಿ. ಕೂಗಲಿಲ್ಲ, ಹಾಜರಿ ಹೇಳುವಂತೆ ಹೇಳಿದಳು. ಅವಳ ಹಿಂದೆ ಸಾಲುಸಾಲಿನಲ್ಲಿ ನೀರು ಹೊಳೆಯುತ್ತಿತ್ತು. ಗಾಳಿಯಿಲ್ಲದೆ ಕಬ್ಬು ಬುಡದಿಂದ ನಡುಗುತ್ತಿತ್ತು. ಹಿಂದೆ ಹೊಳೆ, ಮುಂದೆ ಹಳ್ಳ. ಅವಳು ನಮ್ಮ ಕಡೆಗೇ ಬರಬೇಕಿತ್ತು. ಇಳಿದಳು. ಸೊಂಟದ ತನಕ ಬಂದು ನಿಂತುಬಿಟ್ಟಳು.

“ಕಾಲ ಹುಗದಾವ್ರಿ.”

ಅವಳನ್ನು ಜಿರಾಫೆ ಅಂದವನೇ ನನ್ನ ತೋಳು ಹಿಡಿದ. “ಕಬಡ್ಡಿ ಸಂಕಳಿ ಹಾಕೂಣ್ರಿ ಅಕ್ಕೋರ. ಬೆರಳ ಅಲ್ಲ, ಮಣಿಕಟ್ಟ ಹಿಡೀಬೇಕು ಅಂತ ಪಿ.ಟಿ. ಸರ ಹೇಳ್ಯಾರ.”

ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ಸಾಲಾದೆವು; ಕೊನೆಯವರು ದಡದ ಬೇವಿನ ಮರ ತಬ್ಬಿದರು. ಮುಂದೆ ನಾನು ಇಳಿದೆ. ಹಳ್ಳ ಎಂದಿನಂತೆ ಎಳೆಯುವ ದಿಕ್ಕಿಗೆ ಎದುರಾಗಿ ವಾಲಿ ನಿಂತೆ, ಆದರೆ ಅಂದು ನೀರು ಹಿಂದಕ್ಕೆ ಎಳೆಯುತ್ತಿತ್ತು. ತಲೆಗೆ ಗೊತ್ತಿದ್ದರೂ ಮೈ ಮೋಸಹೋಯಿತು. ಒಂದು ಕ್ಷಣ ಮುಳುಗಿದೆ. ಕೆಳಗೆ ಮಣ್ಣಿನ ಬಣ್ಣದ ಕತ್ತಲೆ, ಸದ್ದೇ ಇಲ್ಲ. ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದ ಚಿಕ್ಕ ಕೈ ಸಡಿಲಾಗಲಿಲ್ಲ. ಮೇಲೆದ್ದಾಗ ಅವಳ ಮಣಿಕಟ್ಟು ಕೈಗೆ ಸಿಕ್ಕಿತು. ಎಲ್ಲರೂ ಎಳೆದರು. ಅವಳ ಚಪ್ಪಲಿಗಳು ನೀರುಪಾಲಾದವು.

ಅಡುಗೆಯವಳು ಘಾಟಿನ ಕಡೆಯಿಂದ ಓಡಿ ಬಂದಳು. “ಕಿವಿ ಇನ್ನೂ ಕಾಣಾಕತ್ತಾವಲ್ರೀ” ಎಂದು ಒಂದೇ ಮಾತನ್ನು ಹೇಳುತ್ತಲೇ ಇದ್ದಳು.

ಸಂಜೆ ಒಬ್ಬ ಮುದುಕನಿಗೆ ಹೊಳೆಯಿತು. ಹಿಂದಿನ ಬೇಸಿಗೆಯಲ್ಲಿ ಘಾಟು ದುರಸ್ತಿ ಮಾಡಿದಾಗ, ದೇವರು ಕೆಸರಿನಲ್ಲಿ ಹೂತು ಕೂರಬಾರದೆಂದು ಊರೇ ಸೇರಿ ನಂದಿಯನ್ನು ಹೊಸ ಕಟ್ಟೆಯ ಮೇಲೆ ಕೂರಿಸಿತ್ತು. ಪೂಜೆಯಾಯಿತು, ಊಟವಾಯಿತು. ನಂದಿಯ ಜೊತೆ ಕಿವಿಯೂ ಮೇಲೇರಿತು ಎಂದು ಯಾರಿಗೂ ಅನಿಸಿರಲಿಲ್ಲ.

ನೀರಿಳಿದ ಮೇಲೆ ಏಳನೇ ತರಗತಿಯವರೇ ಸ್ಕೇಲು ಹಿಡಿದು ಆ ಕಟ್ಟೆಯನ್ನು ಅಳೆದರು. ಈಗ ಊರಿನ ಗುರುತು ನಂದಿಯ ಕಿವಿಯಲ್ಲ, ಅದರ ಎದೆಯ ಕೆಳಗೆ ಎಳೆದ ಒಂದು ಕೆಂಪು ಗೆರೆ. ಹುಡುಗಿಯ ಚಪ್ಪಲಿಯೊಂದು ಶಾಲೆಗಿಂತ ಮೇಲೆ, ಹಳ್ಳ ಇಳಿದು ಬರುವ ಕಡೆಯ ಜಾಲಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆದುಕೊಳ್ಳಲು ಅವಳು ಒಪ್ಪಲಿಲ್ಲ.

ಮರುವಾರ ಗಣಿತದಲ್ಲಿ ಪೂರ್ಣಾಂಕಗಳ ಪಾಠ. ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆದಿದ್ದೆ. ಅವಳು ಎದ್ದು ನಿಂತಳು.

“ಅಕ್ಕೋರ, ಹಿಂದ ಬಂದ ದಂಟಿಗೆ ಮೈನಸ್ ಹಾಕಬೇಕ್ರಿ?”

“ಹೌದು.”

“ಮತ್ತ ನಡುವ ನಿಂತಿತ್ತಲ್ರಿ, ಆಗ?”

“ಸೊನ್ನೆ” ಎಂದೆ.

ಅವಳು ಬರೆದುಕೊಂಡಳು. ನಾನು ಬೋರ್ಡಿಗೆ ಮುಖ ಮಾಡಿ ಸುಣ್ಣದ ಕಡ್ಡಿ ಹಿಡಿದು ನಿಂತೆ. ದಂಟು ಅಲುಗದೆ ನಿಂತಿದ್ದ ಆ ಹೊತ್ತಿನಲ್ಲಿ, ಅವಳ ಬೆನ್ನ ಹಿಂದೆ ನೀರು ಬರುತ್ತಿದ್ದಾಗ, ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.