ಪೂವಪ್ಪನ ಕಸುಗ

ಪೂವಪ್ಪನ ಉತ್ತರಕ್ರಿಯೆ ಮುಗಿದು ವಾರವಾಯಿತು. ಸತ್ತವರ ಬಗ್ಗೆ ಬರೆಯುವಾಗ ಬದುಕಿರುವವರನ್ನು ಬೈಯಬಾರದು ಎನ್ನುತ್ತಾರೆ. ನಾನು ಬೈಯುತ್ತೇನೆ.

ಉಚ್ಚಿಲದ ಈ ಬಡಗಿ ಮಸ್ಕತ್ತಿನ ಹಡಗು ರಿಪೇರಿ ಕಂಪೆನಿಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದ. ನಾನು ಅಲ್ಲಿ ಸ್ಟೋರ್ ಕೀಪರ್. ಶುಕ್ರವಾರ ಉಳಿದವರು ಇಸ್ಪೀಟು ಆಡುವಾಗ ಇವನು ಅಲ್ ಅಜೈಬಾದ ನಮ್ಮ ರೂಮಿನಲ್ಲಿ ಕೂತು ತೇಗದ ಚೂರುಗಳಿಂದ ಒಂದು ಯುದ್ಧನೌಕೆ ಕಟ್ಟುತ್ತಿದ್ದ. ಹೆಸರು ಕಸುಗ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಟಲಿಯವರು ತಮ್ಮ ನೌಕಾಪಡೆಗೂ ಹೊರದೇಶಗಳಿಗೂ ಕಟ್ಟುತ್ತಿದ್ದ ಉಕ್ಕಿನ ಕವಚದ ಕ್ರೂಸರುಗಳಲ್ಲಿ ಅದೂ ಒಂದು. ಅರ್ಜೆಂಟೀನಾಕ್ಕೆಂದು ಕಟ್ಟಿದ್ದು, ಜಪಾನಿಗೆ ಹೋಯಿತು. ಅದರ ಅವಳಿ ನಿಶ್ಶಿನ್. ಅವಳಿಗಳನ್ನು ಗುರುತಿಸುವುದು ಮುಂದಿನ ಗೋಪುರ ನೋಡಿ: ಕಸುಗಕ್ಕೆ ಒಂದೇ ದೊಡ್ಡ ಫಿರಂಗಿ, ನಿಶ್ಶಿನ್‌ಗೆ ಎರಡು.

ಮೂರು ವರ್ಷ ಹಿಡಿಯಿತು. ೧೯೯೧ರಲ್ಲಿ ಕಂಪೆನಿಯ ವಾರ್ಷಿಕೋತ್ಸವಕ್ಕೆಂದು ನಮ್ಮ ಮ್ಯಾನೇಜರ್, ಮೈಸೂರಿನ ರಾಜಗೋಪಾಲ, ಅದನ್ನು ರಿಸೆಪ್ಶನ್ನಿನಲ್ಲಿಟ್ಟು ಚೀಟಿ ಅಂಟಿಸಿದರು: "ಕಸುಗ. ರಚನೆ: ರಾಜಗೋಪಾಲ".

"ನನ್ನ ಹೆಸರು, ಸರ್?"

"ಕಂಪೆನಿ ಮರ, ಕಂಪೆನಿ ಅಂಟು. ನಿಂದೇನಯ್ಯಾ ಅದ್ರಲ್ಲಿ? ಖಲಾಸ್, ಹೋಗು."

 ಹಡಗನ್ನಿಟ್ಟ ಗಾಜಿನ ಪೆಟ್ಟಿಗೆಯನ್ನೂ ಪೂವಪ್ಪನೇ ಮಾಡಿದ್ದ, ಕೀಲಿ ಅವನಲ್ಲೇ ಇತ್ತು. ಸಮಾರಂಭದ ಹಿಂದಿನ ದಿನ ಧೂಳು ಒರೆಸುವ ನೆಪದಲ್ಲಿ ಹೋಗಿ, ಮುಂದಿನ ಗೋಪುರ ಕಿತ್ತು ಎರಡು ಫಿರಂಗಿಯದ್ದನ್ನು ಕೂರಿಸಿ ಬಂದ. "ಈಗ ಅದು ಅವರದ್ದೇ ಮಾರಾಯ" ಎಂದ ನನ್ನಲ್ಲಿ.

ಮರುದಿನ ಅತಿಥಿಯಾಗಿ ಬಂದವರು ಬ್ರಿಟಿಷ್ ನೌಕಾಪಡೆಯ ನಿವೃತ್ತ ಅಧಿಕಾರಿ. ಬಗ್ಗಿ ನೋಡಿ ಕೇಳಿದರು: "ಕಸುಗಕ್ಕೆ ಮುಂದೆ ಎರಡು ಫಿರಂಗಿ ಯಾಕೆ?"

"ಶಕ್ತಿ ಹೆಚ್ಚಲಿ ಅಂತ, ಸರ್" ಎಂದರು ರಾಜಗೋಪಾಲ.

ಆ ಮನುಷ್ಯ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ಚೆಲ್ಲಿತು. ರಾಜಗೋಪಾಲರ ಕಿವಿ ಕೆಂಪಾಯಿತು. "ಪೂವಪ್ಪಾ! ಬಾ ಇಲ್ಲಿ, ಸರಿ ಮಾಡು!"

"ಮಾಡಿದವರೇ ಸರಿ ಮಾಡಲಿ, ಸರ್. ನಾನು ಬಾಗಿಲು, ಬೆಂಚು ಮಾಡುವವ."

ಇಡೀ ರಿಸೆಪ್ಶನ್ ಕೇಳಿಸಿಕೊಂಡಿತು.

ಮುಂದಿನ ತಿಂಗಳು ಅವನ ವೀಸಾ ನವೀಕರಣವಾಗಲಿಲ್ಲ. ಹಡಗನ್ನಾದರೂ ಕೊಡಿ ಎಂದು ಕೇಳಿದ, ಕೊಡಲಿಲ್ಲ. ಊರಿಗೆ ಹೋದವನು ಮತ್ತೆ ಉಳಿ ಮುಟ್ಟಲಿಲ್ಲ. ಕಳೆದ ತಿಂಗಳು ಎದೆಬಡಿತ ನಿಂತಿತು. ನಲವತ್ತಾರು ವರ್ಷ.

ಮೊನ್ನೆ ರಾಜಗೋಪಾಲ ಫೋನ್ ಮಾಡಿದ್ದರು. "ಊರಿನ ಪತ್ರಿಕೆಗೆ ಪೂವಪ್ಪನ ಬಗ್ಗೆ ಬರೀತಿದ್ದೀರಂತೆ. ನಾನು ಅವನಿಗೆ ಪ್ರೋತ್ಸಾಹ ಕೊಟ್ಟಿದ್ದೂ ಒಂದು ಸಾಲು ಇರಲಿ."

"ಖಂಡಿತ ಸರ್, ಹೆಸರು ಸಮೇತ ಹಾಕುತ್ತೇನೆ" ಎಂದೆ.

ಹಾಕಿದ್ದೇನೆ.