ವಕೀಲರ ಮೆಟ್ಟಿಲು, ನನ್ನ ಮಂಡಿ

ಪ್ಲಾಸ್ಟರ್ ಕತ್ತರಿಸಿದ ದಿನ ನನ್ನ ಬಲಮಂಡಿ ಮಡಚಲಿಲ್ಲ.

ಕಾಲು ಬೇರೆ ಯಾರದೋ ಎಂಬಂತೆ ಮಂಚದ ಮೇಲೆ ಬಿದ್ದಿತ್ತು. ಅದು ತೊಂಬತ್ತೆಂಟರ ಆಗಸ್ಟ್. ಮೂರು ತಿಂಗಳ ಹಿಂದೆ ಕಡಬದ ಕೆರೆ ಏರಿಯ ಮೇಲೆ ಲಾರಿಯೊಂದು ನನ್ನ ಸೈಕಲ್ಲಿಗೆ ಗುದ್ದಿ, ಮಂಡಿಯ ಮೇಲಿನ ಮೂಳೆ ಮುರಿದಿತ್ತು. ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಕರೆಂಟ್ ಮೀಟರ್ ರೀಡಿಂಗ್ ಬರೆಯುವವನು. ಗುತ್ತಿಗೆ ಕೆಲಸ. ಸೈಕಲ್ ತುಳಿಯಲಾಗದವನಿಗೆ ಆ ಕೆಲಸವಿಲ್ಲ.

ತುಮಕೂರಿನ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮಂಡಿಗೆ ಅಳತೆ ಹಿಡಿದರು. "ಮೂವತ್ತು ಡಿಗ್ರಿ. ಸೈಕಲ್ ತುಳೀಬೇಕು ಅಂದ್ರೆ ನೂರು ದಾಟ್ಬೇಕು. ಅತ್ಕೊಂಡಾದ್ರೂ ದಿನಾ ಬನ್ನಿ."

ಆ ರಾತ್ರಿ ಡೈರಿಯಲ್ಲಿ ಮೀಟರಿನಂತೆಯೇ ಬರೆದೆ. ಈಗಿನ ರೀಡಿಂಗ್: ಮೂವತ್ತು.

ಆದರೆ ಹೋಗಲಿಲ್ಲ. ವಕೀಲರು ಬೇಡ ಎಂದರು.

ವಾರ್ಡಿಗೇ ಬಂದು, ಮಲಗಿದ್ದ ನನ್ನಿಂದ ವಕಾಲತ್ತಿಗೆ ಸಹಿ ಹಾಕಿಸಿಕೊಂಡು, ಪರಿಹಾರದ ಕೇಸು ಹೂಡಿದ್ದವರು ಅವರು. "ಡಾಕ್ಟ್ರು ಡಿಸೆಬಿಲಿಟಿ ಸರ್ಟಿಫಿಕೇಟ್ ಬರ್ಯೋವರ್ಗೂ ಕಾಲು ಹಂಗೇ ಇರ್ಲಿ ಕಣಪ್ಪ. ನೀನು ಕಾಲು ಮಡ್ಚಿದ್ರೆ ಕೇಸೂ ಮಡ್ಚೋಯ್ತದೆ," ಎಂದು ನಕ್ಕರು. ನಾನೂ ನಕ್ಕೆ.

ಕುಣಿಗಲ್ಲಿನ ಅಕ್ಕನ ಮನೆಯಲ್ಲಿ ಕಾಲು ಚಾಚಿಕೊಂಡು ಬಿದ್ದಿದ್ದೆ. ಅಕ್ಕ ಊಟದ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಕೇಳುತ್ತಿದ್ದಳು, "ಅಲ್ಲ ಕಣೋ, ಅವ್ರು ನಿನ್ ಕಾಲ್ಗೆ ಲಾಯರ್ರೋ, ಕೇಸ್ಗೆ ಲಾಯರ್ರೋ?"

"ಸುಮ್ನಿರು, ನಿಂಗ್ ಗೊತ್ತಾಗಲ್ಲ."

"ಬುಡಪ್ಪ. ಕಾಲು ನಿಂದು."

ವಿಚಾರಣೆಯ ದಿನ ತುಮಕೂರಿಗೆ ಹೋದರೆ ಸಿಗುತ್ತಿದ್ದುದು ಮುಂದಿನ ತಾರೀಕು ಮಾತ್ರ. ಇವತ್ತು ಏನಾಯಿತು ಎಂದು ಕೇಳಿದರೆ ವಕೀಲರದು ಒಂದೇ ಮಾತು: "ಎಲ್ಲಾ ನಡೀತಾ ಐತೆ." ಒಮ್ಮೆ ಆಫೀಸಿನ ಬಾಗಿಲಲ್ಲಿ ನಿಂತಿದ್ದಾಗ ವಕೀಲರು ಗುಮಾಸ್ತನಿಗೆ ಹೇಳಿದ್ದು ಕೇಳಿಸಿತು: "ಗುಬ್ಬಿ ಕಾಲು ಬಂದವ್ನೆ, ಕೂರ್ಸು. ಮೊದ್ಲು ಕ್ಯಾತ್ಸಂದ್ರದ ಸೊಂಟದ ಫೈಲ್ ತೆಗಿ."

ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಡಿಸೆಬಿಲಿಟಿ ಬರೆಯುವ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮೂಳೆ ಚೆನ್ನಾಗಿ ಕೂಡಿದೆ. ಫಿಸಿಯೋಥೆರಪಿ ಎಷ್ಟು ದಿನ ಮಾಡ್ಸಿದ್ರಿ?"

"ಮಾಡಿಸ್ಲಿಲ್ಲ ಸಾರ್."

ಅವರು ಮಂಡಿಯನ್ನು ಒತ್ತಿದರು. ಕಿರುಚಿದೆ. "ಮೂವತ್ತೈದು. ಇದು ಲಾರಿ ಮಾಡಿದ್ದಲ್ರೀ. ನೀವೇ ಮಾಡ್ಕೊಂಡಿದ್ದು. ಅದನ್ನೂ ಬರೀಬೇಕಾಗ್ತದೆ."

ಕಾಲೂ ಹೋಯಿತು, ಕೇಸೂ ಹೋಯಿತು ಎಂದುಕೊಂಡೆ.

ನೇರ ಆಫೀಸಿಗೆ ಹೋದೆ. ವಕೀಲರು ಫೈಲಿನಿಂದ ತಲೆ ಎತ್ತಲಿಲ್ಲ. "ನಾನ್ ಹಂಗಂದ್ನಾ? ನಿನ್ ಕಾಲು, ನಿಂಗೇ ಬುದ್ಧಿ ಬ್ಯಾಡ್ವಾ?"

ಆ ಕ್ಷಣ ನೋವು ಮಂಡಿಯಲ್ಲಿರಲಿಲ್ಲ. ಇವರ ಕಾಲೂ ಹೀಗೇ ಮರಗಟ್ಟಲಿ, ಕಕ್ಕಸಿನಲ್ಲಿ ಕೂರಲಾಗದೆ ಗೋಡೆ ಹಿಡಿದು ಅಳಲಿ ಎಂದು ಮನಸಾರೆ ಬಯಸಿದೆ. ಹಾಗೆ ಬಯಸಿದ್ದಕ್ಕೆ ಇಂದಿಗೂ ನಾಚಿಕೆಯಿಲ್ಲ.

ಇನ್ನೊಬ್ಬ ವಕೀಲರನ್ನು ಹುಡುಕಿದೆ. ವಯಸ್ಸಿನಲ್ಲಿ ಚಿಕ್ಕವರು, ಕೂತ ತಕ್ಷಣ ಕೇಳಿದ್ದು "ಕಾಲು ಈಗ ಯಾರ ಹತ್ರ ತೋರಿಸ್ತಾ ಇದೀರಿ?" ಎಂದು. ಕೇಸು ತೆಗೆದುಕೊಳ್ಳಲು ಹಳೆಯ ವಕೀಲರು ನೋ ಅಬ್ಜೆಕ್ಷನ್ ಸಹಿ ಹಾಕಬೇಕಂತೆ. ಹಾಕದಿದ್ದರೆ ಕೋರ್ಟಿಗೆ ಅರ್ಜಿ, ಅದು ತಡ.

"ನಾಳೆ ಬಾ," ಎಂದರು ಹಳೆಯ ವಕೀಲರು.

ಮರುದಿನ ಹೋದೆ. ಅದರ ಮರುದಿನವೂ. ಅಷ್ಟರಲ್ಲಿ ಕೊನೆಗೂ ಫಿಸಿಯೋಥೆರಪಿ ಶುರುವಾಗಿತ್ತು. ಕುಣಿಗಲ್ ಬಸ್ಸಿನಲ್ಲಿ ಬಂದು, ಆಸ್ಪತ್ರೆಯಲ್ಲಿ ಅತ್ತು, ಅಲ್ಲಿಂದ ವಕೀಲರ ಆಫೀಸು. "ಮೆಟ್ಲು ಸಿಕ್ಕಿದ್ ಕಡೆ ಹತ್ತಿ," ಎಂದಿದ್ದರು ಮೇಡಂ. ಆಫೀಸು ಮೊದಲನೇ ಮಹಡಿಯಲ್ಲಿತ್ತು. ಕಡಿದಾದ, ಹಿಡಿಯಲು ಕಂಬಿ ಇಲ್ಲದ ಮೆಟ್ಟಿಲು. ಗೋಡೆಗೆ ಭುಜ ಒತ್ತಿ, ಹಲ್ಲು ಕಚ್ಚಿ, ಒಂದೊಂದು ಮೆಟ್ಟಿಲಿಗೂ ಅವರನ್ನು ಬೈಯುತ್ತಾ ಹತ್ತಿದೆ.

"ಮತ್ತೆ ಬಂದ್ಯಾ?"

"ನಾಳೆ ಬಾ ಅಂದಿದ್ರಲ್ಲ ಸಾರ್."

ಎರಡು ತಿಂಗಳು ಹೀಗೇ. ಅವರ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು, ಎಲ್ಲರೂ ನೋಡುವಂತೆ ಮಂಡಿ ಮಡಚಿ ನರಳುತ್ತಿದ್ದೆ. ಒಂದು ದಿನ ಊರ್ಡಿಗೆರೆಯವರೊಬ್ಬರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಹೆಂಗವ್ರೆ ಲಾಯರ್ರು?"

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಒಳಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದೆ. "ಹೋದ್ ತಾರೀಕಲ್ಲಿ ಏನಾಯ್ತು ಅಂತ ಪೇಪರ್ ತೋರ್ಸ್ತಾರಾ ನೋಡ್ಕಳಿ. ನಿಮ್ ಕೈಗೆ ಔಷಧಿ ಡಾಕ್ಟ್ರು ಹೇಳ್ತಾರಾ, ಇವ್ರು ಹೇಳ್ತಾರಾ ನೋಡ್ಕಳಿ. ಮೊದ್ಲು ಇವ್ರಿಗೆ ನಿಮ್ ಹೆಸ್ರು ಗೊತ್ತಾ ಕೇಳಿ. ನಾನು ಗುಬ್ಬಿ ಕಾಲು. ನೀವು ಇನ್ಮೇಲೆ ಊರ್ಡಿಗೆರೆ ಕೈ."

ಅವರು ನನ್ನ ಮಂಡಿಯನ್ನು ನೋಡಿದರು. ಬಾಗಿಲ ಕಡೆ ನೋಡಿದರು. "ಟೀ ಕುಡ್ಕೊಂಡ್ ಬತ್ತೀನಿ," ಎಂದು ಎದ್ದು ಹೋದರು.

ಬರಲಿಲ್ಲ.

ವಕೀಲರು ಅಂದೇ ಸಹಿ ಹಾಕಿದರು. "ತಗಂಡೋಗು. ಇನ್ಮೇಲೆ ನನ್ ಮೆಟ್ಲು ಹತ್ಬೇಡ."

ಅರ್ಧ ಇಳಿದ ಮೇಲೆ ಗೊತ್ತಾಯಿತು: ಗೋಡೆ ಹಿಡಿದಿರಲಿಲ್ಲ. ಆ ದಿನದ ರೀಡಿಂಗ್ ತೊಂಬತ್ತು.

ಮಂಡಿ ಇನ್ನೂ ಪೂರ್ತಿ ಮಡಚುವುದಿಲ್ಲ. ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದು. ಸೀಟು ಎತ್ತರಿಸಿದ ಸೈಕಲ್ಲಿನಲ್ಲಿ ಹತ್ತಿರದ ಹಳ್ಳಿಗಳ ಮೀಟರು ಬರೆಯುತ್ತಿದ್ದೇನೆ. ಕೇಸು ನಡೆಯುತ್ತಿದೆ, ಹೊಸ ವಕೀಲರು ಏನಾಯಿತೆಂದು ಪ್ರತಿ ಸಲ ಕಾಗದ ತೋರಿಸಿ ಹೇಳುತ್ತಾರೆ. ಮೇಡಂಗೆ, ಅಕ್ಕನಿಗೆ ನಾನು ಋಣಿ.

ಮಂಡಿ ಬಿಗಿಯದಿರಲು ಮೆಟ್ಟಿಲು ಹತ್ತುತ್ತಿರಬೇಕಂತೆ. ಯಾವ ಮೆಟ್ಟಿಲಾದರೂ ಸರಿ ಎನ್ನುತ್ತಾರೆ ಮೇಡಂ. ತುಮಕೂರಿಗೆ ಹೋದಾಗಲೆಲ್ಲ ನಾನು ಆ ಮೆಟ್ಟಿಲನ್ನೇ ಹತ್ತುತ್ತೇನೆ. ಬೆಂಚಿನ ಮೇಲೆ ಹೊಸಬರು ಯಾರಾದರೂ ಇದ್ದರೆ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.